ಎಂಟು ಗಜದ ಕಿಲ್ಟ್, ಹತ್ತೊಂಬತ್ತು ಸೀಟಿನ ವಿಮಾನ

ಮಂಗಳವಾರ, ಗ್ಲಾಸ್ಗೋ

ಕಿಲ್ಟನ್ನು, ಎಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನಿರಿಗೆಯ ಉಣ್ಣೆಬಟ್ಟೆಯನ್ನು, ಮಡಚಿ ಪೆಟ್ಟಿಗೆಗೆ ತುರುಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಮಗನೇ ಆ ಕೆಲಸಕ್ಕೆ ಇಳಿದಿದ್ದ. ಅಂಗಿಗೆ ಹಾಕುವ ಹಾಗೆ ಅಡ್ಡಕ್ಕೊಂದು, ಉದ್ದಕ್ಕೊಂದು ಮಡಿಕೆ ಹಾಕಿ ಸೂಟ್‌ಕೇಸಿನ ತಳಕ್ಕೆ ಒತ್ತುತ್ತಿದ್ದವನ ಕೈಯಿಂದ ಅದನ್ನು ತೆಗೆದುಕೊಂಡು ಊಟದ ಮೇಜಿನ ಮೇಲೆ ಹರಡಿದೆ. "ಅಮ್ಮ, ಇದೇನು ಬಾಡಿಗೆಯದಲ್ಲ, ನನ್ನದೇ" ಎಂದ. ಸ್ವಂತದ್ದು ಎಂದಮೇಲೆ ಇನ್ನೂ ಜೋಪಾನ ಮಾಡಬೇಕಲ್ಲವೇ?

ಅವನ ಜೊತೆ ಕೆಲಸ ಮಾಡುವ ಗೆಳೆಯನ ಮದುವೆ ಶುಕ್ರವಾರ, ಬಾರಾ ದ್ವೀಪದಲ್ಲಿ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಸಾಲಾಗಿ ನಿಂತಿರುವ ಹೊರ ಹೆಬ್ರಿಡೀಸ್ ದ್ವೀಪಗಳ ದಕ್ಷಿಣ ತುದಿಯಲ್ಲಿದೆ ಅದು. ವರನ ಪಕ್ಕದಲ್ಲಿ ನಿಲ್ಲುವವರಲ್ಲಿ ನನ್ನ ಮಗನೂ ಒಬ್ಬ. ಆದ್ದರಿಂದ ಕಿಲ್ಟ್ ಕಡ್ಡಾಯ. ಬೇಸಿಗೆ ಕಳೆಯಲು ಮೈಸೂರಿನಿಂದ ಬಂದಿದ್ದ ನನ್ನನ್ನೂ ಅವರು ಕರೆದರು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತಳಾದ ನನಗೆ ಕರೆದಲ್ಲಿಗೆ ಹೋಗುವುದಕ್ಕೆ ಏನಡ್ಡಿ?

ಮೇಜಿನ ಮೇಲೆ ಹರಡಿದ ಮೇಲೆಯೇ ಆ ಬಟ್ಟೆಯ ಗಾತ್ರ ತಿಳಿದದ್ದು. ಎಂಟು ಗಜದ ಉಣ್ಣೆ, ಎಂದರೆ ಏಳು ಮೀಟರಿಗೂ ಹೆಚ್ಚು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಎರಡು ಕಿಲೋಗೆ ಹತ್ತಿರ ತೋರಿಸಿತು. ನನ್ನ ಅಜ್ಜಿ ಉಡುತ್ತಿದ್ದ ಒಂಬತ್ತು ಗಜದ ಕಚ್ಚೆ ಸೀರೆಗಿಂತ ಒಂದೇ ಗಜ ಕಡಿಮೆ. ಆದರೆ ಸೀರೆಯ ನಿರಿಗೆಯನ್ನು ನಾವು ದಿನವೂ ಹೊಸದಾಗಿ ಹಿಡಿಯುತ್ತೇವೆ. ಇಂದು ಕೆಟ್ಟರೆ ನಾಳೆ ಸರಿಮಾಡಬಹುದು. ಕಿಲ್ಟಿನದು ಹಾಗಲ್ಲ. ಹೊಲಿದವರು ಒಂದು ಸಲ ಹಿಡಿದ ನಿರಿಗೆ ಆ ಬಟ್ಟೆ ಇರುವವರೆಗೆ. ಮುಂಭಾಗದಲ್ಲಿ ಒಂದರ ಮೇಲೊಂದು ಬರುವ ಎರಡು ಸಪಾಟು ಪದರಗಳಿವೆ, ಅವನ್ನು ಏಪ್ರನ್ ಎನ್ನುತ್ತಾರೆ. ಉಳಿದ ಬಟ್ಟೆಯೆಲ್ಲ ಹಿಂಭಾಗದ ನಿರಿಗೆಗಳಲ್ಲಿ ಅಡಗಿ ಕುಳಿತಿದೆ. ಸೊಂಟದಿಂದ ಗೇಣುದ್ದ ಕೆಳಗಿನವರೆಗೆ ನಿರಿಗೆಗಳನ್ನು ಕೈಹೊಲಿಗೆಯಲ್ಲಿ ಬಿಗಿದು, ಅಲ್ಲಿಂದ ಕೆಳಕ್ಕೆ ಸ್ವತಂತ್ರವಾಗಿ ಬಿಟ್ಟಿರುತ್ತಾರೆ. ಕಿಲ್ಟನ್ನು ಮುಂದಿನಿಂದ ನೋಡಿ ನಗುವವರು ಅದರ ಬೆನ್ನನ್ನು ನೋಡಿಲ್ಲ ಎಂದೇ ನನ್ನ ಅಭಿಪ್ರಾಯ.

ಒಂದು ನಿರಿಗೆಯನ್ನು ಬೆರಳಿನಿಂದ ಬಿಡಿಸಿ ನೋಡಿದೆ. ಹೊರಗೆ ಕಾಣುವುದು ಹೆಬ್ಬೆರಳಿನಷ್ಟು ಅಗಲ. ಒಳಗೆ ಅದರ ಹಲವು ಪಟ್ಟು ಬಟ್ಟೆ ಮಡಿಸಿಕೊಂಡಿದೆ. ಹಾಗಿದ್ದೂ ನಿರಿಗೆಯಿಂದ ನಿರಿಗೆಗೆ ಚೌಕುಳಿ ತುಂಡಾಗದೆ ಮುಂದುವರಿಯುತ್ತದೆ. ಹಸಿರಿನ ಪಕ್ಕಕ್ಕೆ ಬರಬೇಕಾದ ನೀಲಿ ಮುಂದಿನ ನಿರಿಗೆಯ ಅಂಚಿನಲ್ಲಿ ಕರಾರುವಾಕ್ಕಾಗಿ ಬಂದು ನಿಂತಿದೆ. ಹೀಗೆ ವಿನ್ಯಾಸ ಕೂಡುವಂತೆ ನಿರಿಗೆ ಹಿಡಿಯುವುದು ಒಂದು ಕ್ರಮ. ಪ್ರತಿ ನಿರಿಗೆಯ ಮೇಲೂ ಒಂದೇ ಪಟ್ಟೆ ಬರುವಂತೆ ಹಿಡಿಯುವುದು ಇನ್ನೊಂದು, ಅದು ಸೇನೆಯ ರೂಢಿ. ಇದನ್ನು ಲೆಕ್ಕ ಹಾಕಿ ಹೊಲಿದ ಕೈಗೆ ನಮಸ್ಕಾರ.

ನಿರಿಗೆ ಕದಲದಂತೆ ಕಚ್ಚಾ ಹೊಲಿಗೆ ಹಾಕುವುದು ನನ್ನ ಪಾಲಿಗೆ ಬಂತು. ಬಿಳಿ ಹತ್ತಿದಾರ, ಉದ್ದುದ್ದ ಟಾಕು, ಅಂಚಿನಿಂದ ಎರಡು ಬೆರಳು ಮೇಲೆ ಒಂದು ಸಾಲು, ನಿರಿಗೆ ಬಿಚ್ಚಿಕೊಳ್ಳುವ ಜಾಗದ ತುಸು ಕೆಳಗೆ ಇನ್ನೊಂದು ಸಾಲು. ಬಿಳಿ ದಾರವೇ ಏಕೆಂದರೆ, ಬಿಚ್ಚುವಾಗ ಕಡುಬಣ್ಣದ ಮೇಲೆ ಕಣ್ಣಿಗೆ ಕಾಣಬೇಕು. ದಾರವನ್ನು ಎಳೆದು ಬಿಗಿಯಬಾರದು. ಬಿಗಿದರೆ ಉಣ್ಣೆಯ ಮೇಲೆ ಗುಳಿ ಬೀಳುತ್ತದೆ.

ಆಮೇಲೆ ಸುತ್ತುವ ಕೆಲಸ. ಅಸ್ತರಿ ಮೇಲೆ ಬರುವಂತೆ ಉದ್ದಕ್ಕೂ ಹಾಸಿ, ಏಪ್ರನ್ ಇರುವ ಒಂದು ಕಡೆಯಿಂದ ಚಾಪೆ ಸುತ್ತಿದಂತೆ ಸುತ್ತುತ್ತ ಹೋಗಬೇಕು. ನಿರಿಗೆಗಳು ಸುರುಳಿಯ ಉದ್ದಕ್ಕೆ ನೆಟ್ಟಗೆ ಮಲಗುತ್ತವೆ, ಒಂದೂ ಅಡ್ಡಕ್ಕೆ ಮುರಿಯುವುದಿಲ್ಲ. ಆ ಸುರುಳಿಯನ್ನು ಹೆಂಗಸರ ಹಳೆಯ ಸ್ಟಾಕಿಂಗಿನ ಒಂದು ಕಾಲಿನೊಳಗೆ ತೂರಿಸಿಬಿಟ್ಟರೆ ಮುಗಿಯಿತು; ಬಿಚ್ಚುವುದಿಲ್ಲ, ಸರಿಯುವುದಿಲ್ಲ. ಕಿಲ್ಟಿಗೆಂದೇ ಹೊಲಿದ ಉದ್ದನೆಯ ಚೀಲಗಳು ಅಂಗಡಿಯಲ್ಲಿ ಸಿಗುತ್ತವೆ, ಆದರೆ ಇಲ್ಲಿನ ಮನೆಗಳಲ್ಲಿ ಸ್ಟಾಕಿಂಗೇ ಚಾಲ್ತಿಯಲ್ಲಿರುವುದು. ಸೂಪರ್‌ಮಾರ್ಕೆಟ್ಟಿನಲ್ಲಿ ಅದನ್ನು ಕೊಂಡು ತರಲು ಮಗನಿಗೆ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಕಿಲ್ಟ್ ಒಂದೇ ಆಗಿದ್ದರೆ ಸುಖವಿತ್ತು. ಬೆಳ್ಳಿ ಗುಂಡಿಯ ಗಿಡ್ಡ ಕೋಟು, ಅದರೊಳಗಿನ ವೇಸ್ಟ್‌ಕೋಟು, ಮೊಣಕಾಲಿನವರೆಗಿನ ದಪ್ಪ ಉಣ್ಣೆಯ ಕಾಲುಚೀಲ, ಅದನ್ನು ಹಿಡಿದಿಡುವ ಪಟ್ಟಿ, ಕಣಕಾಲಿಗೆ ಲಾಡಿ ಸುತ್ತಿ ಕಟ್ಟುವ ಬ್ರೋಗ್ ಬೂಟು, ಸೊಂಟದ ಮುಂದೆ ತೂಗುವ ಸ್ಪಾರನ್ ಎಂಬ ಚೀಲ, ಅದರ ಸರಪಳಿ. ಎಲ್ಲ ಸೇರಿ ಆರು ಕಿಲೋ ದಾಟಿತು. ನಮ್ಮ ಮದುಮಗನ ರೇಷ್ಮೆ ಪಂಚೆ, ಶಲ್ಯ, ಪೇಟ ಮೂರೂ ಸೇರಿದರೂ ಇದರ ಕಾಲುಭಾಗ ಆಗಲಾರದು.

ಇನ್ನು ಚಾಕು. ಬಲಗಾಲಿನ ಕಾಲುಚೀಲದಲ್ಲಿ ಹಿಡಿ ಮಾತ್ರ ಕಾಣುವಂತೆ ಸಿಕ್ಕಿಸಿಕೊಳ್ಳುವ ಸಣ್ಣ ಚೂರಿ, ಸ್ಕಿಯನ್ ಡೂ. ಸಾರ್ವಜನಿಕ ಜಾಗದಲ್ಲಿ ಚೂರಿ ಇಟ್ಟುಕೊಳ್ಳುವುದು ಸ್ಕಾಟ್ಲೆಂಡಿನಲ್ಲಿ ಅಪರಾಧ. ಆದರೆ 1995ರ ಕಾನೂನು ರಾಷ್ಟ್ರೀಯ ಉಡುಪಿನ ಭಾಗವಾಗಿ ಧರಿಸಿದರೆ ವಿನಾಯಿತಿ ಕೊಡುತ್ತದೆ. ಸಿಖ್ಖರ ಕಿರ್ಪಾಣಕ್ಕೆ ಧರ್ಮದ ಕಾರಣಕ್ಕಾಗಿ ರಕ್ಷಣೆ ಕೊಡುವುದೂ ಅದೇ ಕಾನೂನು. ಆ ವಿನಾಯಿತಿ ಬೀದಿಗೆ, ಮದುವೆ ಮನೆಗೆ ಮಾತ್ರ; ವಿಮಾನದೊಳಗೆ ನಡೆಯುವುದಿಲ್ಲ. ಒರೆಯಲ್ಲಿ ಹಾಕಿ, ದಪ್ಪ ರಟ್ಟಿನಲ್ಲಿ ಸುತ್ತಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯ ನಡುಮಧ್ಯ ಇಟ್ಟೆ. ಈ ತಲೆನೋವೇ ಬೇಡವೆಂದು ಪ್ಲಾಸ್ಟಿಕ್ ಅಲಗಿನದನ್ನು ಇಟ್ಟುಕೊಳ್ಳುವವರೂ ಇದ್ದಾರೆ. ಕಾಲುಚೀಲದಿಂದ ಹೊರಗೆ ಕಾಣುವುದು ಹಿಡಿಯಷ್ಟೇ ತಾನೇ, ಅಷ್ಟಕ್ಕೆ ಉಕ್ಕು ಏತಕ್ಕೆ ಎಂದು ನಾನು ಕೇಳಿದೆ. ಮಗ ಕೇಳಿಸಿಕೊಳ್ಳದವನ ಹಾಗೆ ಬೂಟಿಗೆ ಪಾಲಿಷ್ ಹಚ್ಚುತ್ತ ಕೂತ.

"ಅಮ್ಮ, ಉಟ್ಟುಕೊಂಡೇ ವಿಮಾನ ಹತ್ತಿದರೆ ಎರಡು ಕಿಲೋ ಉಳಿಯುತ್ತದೆ" ಎಂಬುದು ಅವನ ಇನ್ನೊಂದು ಯೋಜನೆ. ಹಾಗೆ ಹೋಗುವವರಿಗೆ ಇಲ್ಲಿ ಕೊರತೆಯಿಲ್ಲ. 2024ರ ಯೂರೋ ಫುಟ್‌ಬಾಲ್ ಪಂದ್ಯಗಳಿಗೆ ಸ್ಕಾಟ್ಲೆಂಡಿನ ಅಭಿಮಾನಿಗಳು ಜರ್ಮನಿಗೆ ಹೋದದ್ದೇ ಕಿಲ್ಟ್ ಉಟ್ಟುಕೊಂಡು. ಪಂದ್ಯ ನೋಡಲು ಹೋಗುವವನ ನಿರಿಗೆ ಹೇಗಿದ್ದರೂ ನಡೆಯುತ್ತದೆ. ಮದುವೆಯಲ್ಲಿ ವರನ ಪಕ್ಕ ನಿಲ್ಲುವವನದು ನಡೆಯುವುದಿಲ್ಲ ಎಂದೆ. ಅಲ್ಲಿಗೆ ಆ ಮಾತು ಮುಗಿಯಿತು.

ಬುಧವಾರ, ಗ್ಲಾಸ್ಗೋದಿಂದ ಬಾರಾ

ನನ್ನ ನಿಯಮ ಸರಳ: ಬೇರೆಡೆ ಎರವಲು ಸಿಗುವುದು ಪೆಟ್ಟಿಗೆಗೆ, ಸಿಗದಿರುವುದು ಕೈಚೀಲಕ್ಕೆ. ಬೂಟು, ಅಂಗಿ, ಕಾಲುಚೀಲ ಯಾರದಾದರೂ ಹೊಂದಿಕೊಳ್ಳುತ್ತವೆ. ಸೊಂಟಕ್ಕೂ ಮೊಣಕಾಲಿಗೂ ಅಳೆದು ಹೊಲಿದ ಕಿಲ್ಟ್ ಇನ್ನೊಬ್ಬರದು ಆಗುವುದಿಲ್ಲ. ಹೊಕ್ಕುಳಿನ ಮಟ್ಟದಲ್ಲಿ ಕಟ್ಟಿದರೆ ಅಂಚು ಮಂಡಿಚಿಪ್ಪಿನ ಹತ್ತಿರಕ್ಕೆ ಬಂದು ನಿಲ್ಲಬೇಕು. ಎರಡು ಬೆರಳು ಹೆಚ್ಚು ಕಡಿಮೆಯಾದರೂ ನೋಡುವವರಿಗೆ ಗೊತ್ತಾಗುತ್ತದೆ. ಆದ್ದರಿಂದ ಕಿಲ್ಟಿನ ಸುರುಳಿ ಮೆತ್ತನೆಯ ಬಟ್ಟೆಯ ಚೀಲದಲ್ಲಿ ನನ್ನ ಹೆಗಲಿಗೇರಿತು.

ತಪಾಸಣೆಯ ಸಾಲಿನಲ್ಲಿ ನಮ್ಮ ಮುಂದೆ ಕಿಲ್ಟ್ ಉಟ್ಟ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಸ್ಪಾರನ್ ಕಳಚಿ ತಟ್ಟೆಗೆ ಹಾಕಿದ, ಸರಪಳಿ ಹಾಕಿದ, ದಪ್ಪ ಬಕಲಿನ ಬೆಲ್ಟ್ ಬಿಚ್ಚಿದ, ಏಪ್ರನ್ ಮೂಲೆಯ ಪಿನ್ನನ್ನೂ ತೆಗೆದ. ಸೊಂಟದ ಎರಡೂ ಬದಿಗಿದ್ದ ಚರ್ಮದ ಪಟ್ಟಿಗಳ ಬಕಲುಗಳನ್ನು ಮಾತ್ರ ತೆಗೆಯುವಂತಿಲ್ಲ, ತೆಗೆದರೆ ಕಿಲ್ಟೇ ಜಾರುತ್ತದೆ. ಯಂತ್ರ ಕಿರುಚಿತು. ಸಿಬ್ಬಂದಿಗೆ ಅದು ದಿನವೂ ನೋಡುವ ನೋಟ. ಕೈಯಲ್ಲಿ ಹಿಡಿಯುವ ಸಾಧನವನ್ನು ಸೊಂಟದ ಸುತ್ತ ಆಡಿಸಿ ಕಳುಹಿಸಿದರು. ಒಳಗೇನು ಧರಿಸುತ್ತಾರೆ ಎಂದು ಪ್ರಪಂಚವೆಲ್ಲ ಕೇಳುವ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ. ನನ್ನ ಮಗ ಜೀನ್ಸ್ ತೊಟ್ಟು ಹಾಯಾಗಿ ದಾಟಿದ. ನಾನು ಅವನ ಕಡೆ ನೋಡಿದೆ, ಏನೂ ಹೇಳಲಿಲ್ಲ.

ತಡೆದದ್ದು ನನ್ನ ಚೀಲವನ್ನು. ಎಕ್ಸ್‌ರೇ ಪರದೆಯ ಮೇಲೆ ಉದ್ದನೆಯ ದಟ್ಟ ಸುರುಳಿ ಕಂಡರೆ ತೆರೆದು ನೋಡದೆ ಬಿಡುತ್ತಾರೆಯೇ? ನಡುವಯಸ್ಸಿನ ಅಧಿಕಾರಿ ಕೈಗವಸು ಹಾಕಿಕೊಂಡು ಚೀಲ ತೆರೆದರು, ಸ್ಟಾಕಿಂಗ್ ಕಂಡರು, ನಕ್ಕರು. ತುದಿಯಲ್ಲಿ ಇಣುಕುತ್ತಿದ್ದ ಬಿಳಿದಾರವನ್ನು ಬೆರಳಿನಿಂದ ಮುಟ್ಟಿ, "ಇದನ್ನು ಹಾಕಿದವರು ಯಾರು?" ಎಂದರು. ನಾನೇ ಎಂದೆ. ತಮ್ಮ ತಾಯಿಯೂ ಹೀಗೆಯೇ ಹಾಕುತ್ತಿದ್ದರಂತೆ. ಸುರುಳಿಯನ್ನು ಬಿಚ್ಚದೆ, ರಾಸಾಯನಿಕ ಪರೀಕ್ಷೆಯ ಬಟ್ಟೆಯ ಚೂರನ್ನು ಮೇಲಿಂದ ಸವರಿ, ಎರಡೂ ಕೈಯಲ್ಲಿ ಹಿಡಿದು ಚೀಲಕ್ಕೆ ವಾಪಸ್ ಇಟ್ಟರು.

ಬಾರಾಕ್ಕೆ ಹೋಗುವ ಟ್ವಿನ್ ಆಟರ್ ವಿಮಾನದಲ್ಲಿ ಹತ್ತೊಂಬತ್ತು ಸೀಟು. ಶೌಚಾಲಯವಿಲ್ಲ, ಗಗನಸಖಿ ಇಲ್ಲ, ತಲೆಯ ಮೇಲೆ ಸಾಮಾನಿಡುವ ಗೂಡುಗಳೂ ಇಲ್ಲ. ಸಹಪೈಲಟ್ ಹಿಂದಕ್ಕೆ ತಿರುಗಿ ಸುರಕ್ಷತೆಯ ನಾಲ್ಕು ಮಾತು ಹೇಳಿ ಮತ್ತೆ ಮುಂದಕ್ಕೆ ತಿರುಗಿದರು. ಮುಂದಿನ ಸಾಲಿನಲ್ಲಿದ್ದ ನನಗೆ ಪೈಲಟ್‌ಗಳಿಬ್ಬರ ಹೆಗಲ ನಡುವಿನಿಂದ ಗಾಜಿನಾಚೆಯ ಆಕಾಶವೇ ಕಾಣುತ್ತಿತ್ತು. ಕಿಲ್ಟನ್ನು ಮಡಿಲಲ್ಲಿ ಇಟ್ಟುಕೊಳ್ಳುವುದಾಗಿ ಹೇಳಿದೆ. ಹಾರುವಾಗ, ಇಳಿಯುವಾಗ ಕಾಲಿನ ಬಳಿ ಇಡಿ ಎಂದರು. ಕ್ಲೈಡ್ ನದಿಯ ಮೇಲೆ ಹಾದು, ನೆಲದೊಳಕ್ಕೆ ಕೈಚಾಚಿದ ಕಡಲಿನ ಸೀಳುಗಳನ್ನು ದಾಟಿ, ಮಲ್ ದ್ವೀಪದ ಬೆಟ್ಟಗಳನ್ನು ಹಿಂದೆ ಹಾಕಿ ಸಾಗರಕ್ಕೆ ಬಂದೆವು. ಇಷ್ಟು ತಗ್ಗಿನಲ್ಲಿ ಹಾರಿದರೆ ಅಲೆಯ ನೊರೆಯೂ ಕಾಣುತ್ತದೆ. ಎಂಜಿನ್ನಿನ ಸದ್ದಿನಲ್ಲಿ ಮಾತು ಸಾಧ್ಯವಿಲ್ಲ. ಒಂದು ಗಂಟೆಗೂ ಮಿಕ್ಕ ಆ ಪ್ರಯಾಣದಲ್ಲಿ ಮಗನ ಜೊತೆ ಜಗಳವಾಗಲಿಲ್ಲ.

ಬಾರಾದಲ್ಲಿ ರನ್‌ವೇ ಇಲ್ಲ. ವಿಮಾನ ಇಳಿಯುವುದು ಟ್ರಾಯ್ ವೋರ್ ಎಂಬ ಕಡಲತೀರದ ಮರಳಿನ ಮೇಲೆ. ಭರತ ಬಂದರೆ ಇಡೀ ನಿಲ್ದಾಣವೇ ನೀರಿನಡಿ. ಆದ್ದರಿಂದ ವಿಮಾನದ ವೇಳಾಪಟ್ಟಿಯನ್ನು ಇಳಿತದ ಹೊತ್ತು ನೋಡಿ ಬರೆಯುತ್ತಾರೆ. ಮೂರು ದಿಕ್ಕಿನ ಪಥಗಳ ತುದಿಗಳನ್ನು ಮರದ ಕಂಬಗಳಿಂದ ಗುರುತು ಮಾಡಿದ್ದಾರೆ. ನಿಗದಿತ ಸಂಚಾರದ ವಿಮಾನಗಳು ಭರತ ಇಳಿತದ ಮರಳಿನ ಮೇಲೆ ಇಳಿಯುವ ಊರು ಜಗತ್ತಿನಲ್ಲಿ ಇದೊಂದೇ. ಚಕ್ರ ತಾಗಿದ್ದೇ ಎರಡೂ ಬದಿಗೆ ನೀರು ಚಿಮ್ಮಿತು. ಗಾಳಿಚೀಲ ಹಾರುತ್ತಿರುವಾಗ ಬೀಚಿಗೆ ಇಳಿಯಬೇಡಿ ಎಂದು ಫಲಕ ಹಾಕಿದ್ದಾರೆ. ಮಿಕ್ಕ ಹೊತ್ತಿನಲ್ಲಿ ಅದೇ ಮರಳಿನಲ್ಲಿ ಜನ ಚಿಪ್ಪು ಹೆಕ್ಕುತ್ತಾರೆ.

ಸಾಮಾನು ಬರುವ ಜಾಗವೆಂದರೆ ಕಟ್ಟಡದ ಹೊರಗೆ ಬಸ್ ತಂಗುದಾಣದಂಥ ಒಂದು ಮಾಡು. ಒಂದೊಂದೇ ಪೆಟ್ಟಿಗೆ ಬಂತು, ಎಲ್ಲರೂ ಹೊರಟರು. ನಮ್ಮದು ಬರಲಿಲ್ಲ. ಎದುರುಗಾಳಿಗೆ ಇಂಧನ ಹೆಚ್ಚು ಬೇಕಾಗಿ, ತೂಕ ಸರಿದೂಗಿಸಲು ಕೆಲವು ಪೆಟ್ಟಿಗೆಗಳನ್ನು ಗ್ಲಾಸ್ಗೋದಲ್ಲೇ ಬಿಟ್ಟಿದ್ದರಂತೆ. ನಾಳೆ ಬರುತ್ತವೆ ಎಂದರು. ಕೋಟು, ಬೂಟು, ಚಾಕು, ನನ್ನ ಔಷಧಿಯ ಒಂದು ಡಬ್ಬಿ ಎಲ್ಲವೂ ಅದರಲ್ಲೇ. ಮಗನ ಮುಖ ಸಣ್ಣದಾಯಿತು. ನನ್ನ ಹೆಗಲ ಮೇಲಿದ್ದ ಚೀಲವನ್ನು ಅವನ ಕೈಗೆ ಕೊಟ್ಟು, "ಮದುವೆ ನಿಲ್ಲುವುದಿಲ್ಲ, ನಡಿ" ಎಂದೆ.

ಗುರುವಾರ, ಕಾಸಲ್‌ಬೇ

ದ್ವೀಪದ ದಕ್ಷಿಣಕ್ಕೆ ಕಾಸಲ್‌ಬೇ, ಇದ್ದುದರಲ್ಲಿ ದೊಡ್ಡ ಊರು. ಇಡೀ ದ್ವೀಪದ ಜನಸಂಖ್ಯೆಯೇ ಸಾವಿರದ ಇನ್ನೂರರ ಆಸುಪಾಸು. ನಾವು ಉಳಿದುಕೊಂಡ ಮನೆಯ ಯಜಮಾನಿಗೆ ಪೆಟ್ಟಿಗೆಯ ಕಥೆ ನಾವು ಹೇಳುವ ಮೊದಲೇ ಗೊತ್ತಿತ್ತು.

ಬೆಳಿಗ್ಗೆ ಸುರುಳಿ ಬಿಚ್ಚಿದೆ. ದಾರ ಹಾಕಿದ ಕಡೆ ನಿರಿಗೆ ಅಲುಗಿರಲಿಲ್ಲ. ಏಪ್ರನ್ ಮೇಲೆ ಮಾತ್ರ ತೆಳುವಾದ ಅಲೆ ಎದ್ದಿತ್ತು. ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು, ಹಬೆ ತುಂಬಿದ ಮೇಲೆ ಕಿಲ್ಟನ್ನು ಕ್ಲಿಪ್ಪಿನ ಹ್ಯಾಂಗರಿಗೆ ತೂಗುಹಾಕಿ ಬಾಗಿಲು ಎಳೆದುಕೊಂಡೆ. ಉಣ್ಣೆಗೆ ಹಬೆ ಸಾಕು, ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಬಳಿಕ ಒದ್ದೆ ಹತ್ತಿಬಟ್ಟೆ ಹಾಸಿ ಇಸ್ತ್ರಿ. ಇಸ್ತ್ರಿಪೆಟ್ಟಿಗೆಯನ್ನು ಎಳೆಯಬಾರದು, ಒತ್ತಬೇಕು, ಎತ್ತಬೇಕು, ಪಕ್ಕಕ್ಕಿಟ್ಟು ಮತ್ತೆ ಒತ್ತಬೇಕು. ಕಚ್ಚಾ ಹೊಲಿಗೆಯನ್ನು ಇಸ್ತ್ರಿ ಮುಗಿಯುವವರೆಗೆ ಬಿಚ್ಚಬಾರದು. ಎಲ್ಲ ಮುಗಿದ ಮೇಲೆ ಬಿಳಿದಾರದ ಒಂದು ತುದಿ ಕತ್ತರಿಸಿ ಎಳೆದರೆ ಸಾಲಿಗೆ ಸಾಲೇ ಸರ್ರನೆ ಹೊರಬರುತ್ತದೆ. ಆ ಸುಖಕ್ಕಾಗಿಯೇ ಇನ್ನೊಂದು ಕಿಲ್ಟ್ ಹೊಲಿದುಕೊಡಲು ನಾನು ಸಿದ್ಧ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನಿ, ಈ ಬಣ್ಣ ಯಾವ ಮನೆತನದ್ದೆಂದು ನನ್ನ ಮಗನನ್ನು ಕೇಳಿದರು. ಇಲ್ಲಿ ಟಾರ್ಟನ್ ಎಂಬ ಚೌಕುಳಿ ವಿನ್ಯಾಸ ಮನೆತನಕ್ಕೊಂದು. ಅವನದು ಕಡುನೀಲಿ, ಹಸಿರು, ಕಪ್ಪಿನ ಬ್ಲ್ಯಾಕ್ ವಾಚ್ ಟಾರ್ಟನ್. ಅದು ಬ್ರಿಟಿಷ್ ಸೇನೆಯ ಅದೇ ಹೆಸರಿನ ಪಡೆಯ ವಿನ್ಯಾಸ. ಮನೆತನದ ಹಂಗಿಲ್ಲದೆ ಯಾರು ಬೇಕಾದರೂ ಉಡಬಹುದು ಎಂಬ ಕಾರಣಕ್ಕೇ ಹೊರಗಿನವರು ಅದನ್ನು ಆರಿಸಿಕೊಳ್ಳುತ್ತಾರೆ. ನನಗೆ ಮಾತ್ರ ಅದು ಹೊರಗಿನದಲ್ಲ. ಕಳೆದ ತಿಂಗಳು ಪರ್ತ್ ನಗರದ ಬಾಲ್ಹೌಸಿ ಕೋಟೆಯಲ್ಲಿರುವ ಆ ಪಡೆಯ ಮ್ಯೂಸಿಯಂಗೆ ಹೋಗಿದ್ದೆವು. ಅದರ ಯುದ್ಧಗೌರವಗಳ ಪಟ್ಟಿಯಲ್ಲಿ ಮಂಗಳೂರು, ಮೈಸೂರು, ಶ್ರೀರಂಗಪಟ್ಟಣ ಮೂರೂ ಇವೆ. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗಿದ್ದವರಲ್ಲಿ ಈ ಪಡೆಯ ಎರಡನೆಯ ಬೆಟಾಲಿಯನ್ ಇತ್ತು; 1784ರ ಜನವರಿಯಲ್ಲಿ ಕೋಟೆ ಬಿಟ್ಟುಕೊಟ್ಟರು, ಮಾರ್ಚಿನಲ್ಲಿ ಮಂಗಳೂರು ಒಪ್ಪಂದವಾಯಿತು. ಸೋತು ಬಿಟ್ಟುಕೊಟ್ಟ ಕೋಟೆಯೂ ಗೌರವದ ಪಟ್ಟಿಗೆ ಸೇರುತ್ತದೆ ಎಂಬುದನ್ನು ಇಷ್ಟು ವರ್ಷ ಪಾಠ ಹೇಳಿದರೂ ನಾನು ಗಮನಿಸಿರಲಿಲ್ಲ.

ಯಜಮಾನಿಗೆ ಕಥೆ ರುಚಿಸಿತು. ನಾನೂ ತರಗತಿಯ ಚಾಳಿ ಬಿಡದೆ ಮುಂದುವರಿಸಿದೆ. 1746ರಲ್ಲಿ ಕಲೊಡನ್ ಯುದ್ಧದಲ್ಲಿ ಸ್ಕಾಟ್ಲೆಂಡಿನ ಬೆಟ್ಟನಾಡಾದ ಹೈಲ್ಯಾಂಡಿನವರ ದಂಗೆಯನ್ನು ಮುರಿದ ಮೇಲೆ, ಲಂಡನ್ನಿನ ಸಂಸತ್ತು ಗಂಡಸರು, ಹುಡುಗರು ಹೈಲ್ಯಾಂಡ್ ಉಡುಪು ತೊಡುವುದನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳು ಸೆರೆ, ಎರಡನೆಯ ಸಲಕ್ಕೆ ಏಳು ವರ್ಷ ಗಡೀಪಾರು. ಸೈನಿಕರಿಗೆ ಮಾತ್ರ ಅದು ಅನ್ವಯವಾಗಲಿಲ್ಲ. ಕಾನೂನು ರದ್ದಾದದ್ದು 1782ರಲ್ಲಿ. ಈಗ ಲೆಕ್ಕ ಹಾಕಿ: 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರನ ಕೈಗೆ ಸಿಕ್ಕಿದ ಹೈಲ್ಯಾಂಡ್ ಸೈನಿಕರು ಶ್ರೀರಂಗಪಟ್ಟಣದ ಸೆರೆಗೆ ಬಂದಾಗ, ಅವರ ಊರಿನಲ್ಲಿ ಉಳಿದ ತಮ್ಮಂದಿರು ಕಿಲ್ಟ್ ಉಟ್ಟರೆ ಅವರಿಗೂ ಸೆರೆಯೇ. ಆ ಸೆರೆಯಾಳುಗಳಲ್ಲಿ ಒಬ್ಬ ಡೇವಿಡ್ ಬೇರ್ಡ್. 1799ರ ಮೇ 4ರಂದು ಅದೇ ಶ್ರೀರಂಗಪಟ್ಟಣದ ಮೇಲೆ ನುಗ್ಗಿದ ಪಡೆಯ ಮುಂದಾಳು ಅವನೇ. ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿನ ಕರ್ನಲ್ ಬೇಯ್ಲಿ ಕಾರಾಗೃಹಕ್ಕೆ ಕರೆದುಕೊಂಡು ಹೋಗುವಾಗ ನಾನು ಟಿಪ್ಪುವಿನ ಕಡೆಯ ಕಥೆಯನ್ನೇ ಹೇಳುತ್ತಿದ್ದೆ. ಇಲ್ಲಿ ಇನ್ನೊಂದು ಕಡೆಯವರ ಬಟ್ಟೆಗೆ ಇಸ್ತ್ರಿ ಹಾಕುತ್ತ ನಿಂತಿದ್ದೇನೆ.

"ಅಮ್ಮ, ಟೀ ಆರುತ್ತಿದೆ" ಎಂದು ಮಗ ನನ್ನನ್ನು ಎಬ್ಬಿಸಿಕೊಂಡು ಹೊರಟ.

ಕೊಲ್ಲಿಯ ನಡುವೆ ನೀರಿನಿಂದ ನೇರ ಎದ್ದಿರುವ ಕಿಸಿಮಲ್ ಕೋಟೆ ಮ್ಯಾಕ್‌ನೀಲ್ ಮನೆತನದ್ದು. 1838ರಲ್ಲಿ ಅವರಿಗೆ ದ್ವೀಪವನ್ನೇ ಮಾರಬೇಕಾಗಿ ಬಂತು; ಮುಂದೆ ಅಮೆರಿಕದಲ್ಲಿ ವಾಸ್ತುಶಿಲ್ಪಿಯಾಗಿದ್ದ ಅವರ ವಂಶದವರೊಬ್ಬರು 1937ರಲ್ಲಿ ಕೋಟೆಯನ್ನು ಕೊಂಡು ದುರಸ್ತಿ ಮಾಡಿಸಿದರು. 2000ದಲ್ಲಿ ಅದನ್ನು ಸರ್ಕಾರಿ ಪುರಾತತ್ವ ಸಂಸ್ಥೆಗೆ ಸಾವಿರ ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದಾರೆ. ವರ್ಷದ ಬಾಡಿಗೆ ಒಂದು ಪೌಂಡು ಮತ್ತು ಒಂದು ಬಾಟಲಿ ವಿಸ್ಕಿ. ನಮ್ಮ ಮೈಸೂರಿನ ಮನೆ ಬಾಡಿಗೆಗೂ ಹೀಗೆ ಇದ್ದಿದ್ದರೆ! ಊರಿನ ಹೋಟೆಲೊಂದರಲ್ಲಿ ಇಲ್ಲಿನ ಕಡಲಿನ ಸ್ಕ್ಯಾಲಪ್ ಚಿಪ್ಪುಮೀನಿನ ಪಕೋಡ ಹೆಸರುವಾಸಿ. ಮಗ ಎರಡು ತಟ್ಟೆ ಖಾಲಿ ಮಾಡಿದ. ನನಗೆ ತರಕಾರಿಯದು ಕೊಟ್ಟರು, ಬಿಸಿಯಾಗಿತ್ತು.

ಮಧ್ಯಾಹ್ನದ ವಿಮಾನದಲ್ಲಿ ಪೆಟ್ಟಿಗೆ ಬಂತು. ಚಾಕು ರಟ್ಟಿನೊಳಗೆ ನಾನಿಟ್ಟಲ್ಲೇ ಇತ್ತು.

ಶುಕ್ರವಾರ, ಮದುವೆ

ಉಡಲು ನನ್ನ ಸಹಾಯ ಬೇಡವೆಂದ. ಐದು ನಿಮಿಷಕ್ಕೆ ಕರೆದ. ಎಡಗಡೆಯ ಪಟ್ಟಿಯನ್ನು ಸೊಂಟದ ಸೀಳಿನಿಂದ ಹೊರಗೆ ಎಳೆದು ಬಿಗಿಯಬೇಕು, ಆಮೇಲೆ ಹೊರಗಿನ ಏಪ್ರನ್ ಬಲಕ್ಕೆ ಬಂದು ಅಲ್ಲಿನ ಪಟ್ಟಿಗಳಿಗೆ ಸೇರಬೇಕು. ಪಿನ್ನನ್ನು ಹೊರ ಏಪ್ರನ್ನಿಗೆ ಮಾತ್ರ ಚುಚ್ಚಬೇಕು. ಗಾಳಿಗೆ ಹಾರದಿರಲಿ ಎಂದು ಎರಡೂ ಪದರಕ್ಕೆ ಸೇರಿಸಿ ಚುಚ್ಚಿದರೆ ಬಟ್ಟೆ ಹರಿಯುತ್ತದೆ. ಬಾರಾದ ಗಾಳಿ ಸಾಮಾನ್ಯದ್ದಲ್ಲ. ಆದರೂ ಎರಡು ಕಿಲೋ ಉಣ್ಣೆ ಅದಕ್ಕೆ ಜಗ್ಗಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ನಿರಿಗೆ ತುಸು ಬಿಚ್ಚಿ, ಮತ್ತೆ ತಾನಾಗಿ ಮುಚ್ಚಿಕೊಂಡಿತು. ಹಾರಿದ್ದು ನನ್ನ ಸೆರಗು.

ಕುಳಿತುಕೊಳ್ಳುವುದಕ್ಕೂ ಒಂದು ವಿ‍ಧಾನವಿದೆ. ಎರಡೂ ಅಂಗೈಯಿಂದ ಹಿಂದಿನ ನಿರಿಗೆಗಳನ್ನು ಸವರಿಕೊಂಡು ಕೂರಬೇಕು. ಚರ್ಚಿನ ಬೆಂಚುಗಳಲ್ಲಿ ಗಂಡಸರೆಲ್ಲ ಒಟ್ಟಿಗೆ ಕೈಯನ್ನು ಹಿಂದಕ್ಕೆ ಹಾಕಿ ಸವರಿ ಕೂತದ್ದನ್ನು ನೋಡುತ್ತ ನಾನು ಪಾದ್ರಿಯ ಮೊದಲ ಮಾತುಗಳನ್ನು ಕೇಳಿಸಿಕೊಳ್ಳಲೇ ಇಲ್ಲ.

ವರನ ಅಜ್ಜಿ ನನ್ನ ಪಕ್ಕದಲ್ಲಿ ಕೂತಿದ್ದರು. ನನ್ನ ಮೈಸೂರು ಕ್ರೇಪಿನ ನೆರಿಗೆಯನ್ನು ಮುಟ್ಟಿ ಎಷ್ಟು ಗಜ ಎಂದರು. ಆರು ಎಂದೆ. ಹೊಲಿಗೆಯೇ ಇಲ್ಲವೇ ಎಂದರು. ಒಂದೂ ಇಲ್ಲ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಊಟದ ನಂತರ ಹೆಂಗಸರ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಬೇಕಾಯಿತು.

ರಾತ್ರಿ ಕೇಯ್ಲಿ ಕುಣಿತ. ಅಕಾರ್ಡಿಯನ್, ಪಿಟೀಲು, ಉದ್ದಕ್ಕೂ ಎದುರುಬದುರು ನಿಂತ ಎರಡು ಸಾಲು. ಸ್ಟ್ರಿಪ್ ದ ವಿಲೊ ಎಂಬ ಕುಣಿತದಲ್ಲಿ ಒಬ್ಬೊಬ್ಬರ ತೋಳು ಹಿಡಿದು ಗರಗರ ತಿರುಗುತ್ತ ಸಾಲಿನ ಕೊನೆಯವರೆಗೆ ಹೋಗಬೇಕು. ಒಳಗೆ ಅಡಗಿದ್ದ ಬಟ್ಟೆಯೆಲ್ಲ ಹೊರಬರುವುದು ಆಗಲೇ. ಮಗ ತಿರುಗಿದಾಗ ಹಸಿರಿನ ಮರೆಯಲ್ಲಿದ್ದ ಕಪ್ಪು, ಕಪ್ಪಿನ ಮರೆಯಲ್ಲಿದ್ದ ನೀಲಿ ಎಲ್ಲ ಬಿಚ್ಚಿಕೊಂಡು, ನಿಂತಾಗ ಅರೆಕ್ಷಣ ತಡವಾಗಿ ಸ್ವಸ್ಥಾನಕ್ಕೆ ಬಂದು ಕೂರುತ್ತಿದ್ದವು. ಐದು ಗಜದ ಅಗ್ಗದ ಕಿಲ್ಟ್ ತೊಟ್ಟಿದ್ದ ಹುಡುಗನೊಬ್ಬ ಅಲ್ಲೇ ಕುಣಿಯುತ್ತಿದ್ದ. ಅವನದು ಎದ್ದಿತು, ಬಿದ್ದಿತು, ಅಷ್ಟೇ. ಎಂಟು ಗಜಕ್ಕೆ ಕೊಟ್ಟ ಹಣ ಎಲ್ಲಿಗೆ ಹೋಯಿತು ಎಂದು ನನಗೆ ಆಗ ತಿಳಿಯಿತು. ರಾತ್ರಿ ಹತ್ತಾದರೂ ಹೊರಗೆ ಬೆಳಕಿತ್ತು, ಕುಣಿತ ನಿಲ್ಲಲಿಲ್ಲ.

ಶನಿವಾರ, ವಾಪಸ್

ಮನೆಗೆ ನಡೆದು ಬರುವಾಗ ಸೋನೆ ಹಿಡಿದು ಕಿಲ್ಟಿನ ಅಂಚು ಒದ್ದೆಯಾಗಿತ್ತು. ಒದ್ದೆ ಉಣ್ಣೆಯನ್ನು ಸುತ್ತಿದರೆ ಮುಗ್ಗು ವಾಸನೆ ಹಿಡಿಯುತ್ತದೆ, ನಿರಿಗೆಯೂ ಓರೆಯಾಗುತ್ತದೆ. ಹೀಟರಿನ ಮೇಲೆ ಹಾಕಿ ಒಣಗಿಸಲು ಹೊರಟವನನ್ನು ತಡೆದು, ಕಿಟಕಿಯ ಬಳಿ ತೂಗುಹಾಕಿದೆ. ವಿಮಾನ ಇಳಿತದ ಹೊತ್ತಿಗೆ, ಎಂದರೆ ಮಧ್ಯಾಹ್ನ, ಅಷ್ಟರಲ್ಲಿ ಆರಿತು. ಮತ್ತೆ ಕಚ್ಚಾ ಹೊಲಿಗೆ. ಈ ಸಲ ಒಂದು ಸಾಲನ್ನು ಮಗನಿಗೆ ಬಿಟ್ಟೆ. ಟಾಕುಗಳಲ್ಲಿ ಒಂದು ಬೆರಳಗಲ, ಇನ್ನೊಂದು ಗೇಣುದ್ದ. ಆದರೂ ಹಿಡಿದು ನಿಲ್ಲಿಸಿದವು.

ಹೊರಡುವ ಮುನ್ನ ವರನ ಚಿಕ್ಕಪ್ಪ ಸೀಲ್ ಪ್ರಾಣಿಯ ತುಪ್ಪಳದ ತಮ್ಮ ಹಳೆಯ ಸ್ಪಾರನ್ ತೋರಿಸಿ ಬೇಸರ ತೋಡಿಕೊಂಡರು. ಅಮೆರಿಕದಲ್ಲಿರುವ ಮಗಳ ಮನೆಗೆ ಅದನ್ನು ಒಯ್ಯುವಂತಿಲ್ಲ. ಕಡಲ ಸಸ್ತನಿಗಳ ಚರ್ಮ, ತುಪ್ಪಳ ಆ ದೇಶದೊಳಕ್ಕೆ ಬರಬಾರದೆಂದು 1972ರಿಂದ ಕಾನೂನಿದೆ. ಯೂರೋಪಿನ ಒಕ್ಕೂಟವೂ 2009ರಲ್ಲಿ ಸೀಲ್ ಉತ್ಪನ್ನಗಳ ಮಾರಾಟವನ್ನು ನಿರ್ಬಂಧಿಸಿತು. ವಿಮಾನ ಪ್ರಯಾಣಕ್ಕೆ ಸಾದಾ ದನದ ಚರ್ಮದ ಸ್ಪಾರನ್ನಿನಷ್ಟು ನಿಶ್ಚಿಂತೆಯದು ಇನ್ನೊಂದಿಲ್ಲ. ಬೋರ್ಡಿಂಗ್ ಪಾಸು, ಪಾಸ್‌ಪೋರ್ಟು, ಚಿಲ್ಲರೆ ಎಲ್ಲಕ್ಕೂ ಜಾಗವಿದೆ. ಕಿಲ್ಟಿಗೆ ಜೇಬೇ ಇಲ್ಲವಲ್ಲ.

ಈ ಸಲ ಪೆಟ್ಟಿಗೆಯೂ ನಮ್ಮ ಜೊತೆಗೇ ಬಂತು.

ಭಾನುವಾರ, ಗ್ಲಾಸ್ಗೋ

ದಾರ ಬಿಚ್ಚಿ, ಬ್ರಷ್ಷಿನಿಂದ ಬಾರಾದ ಮರಳು ಉದುರಿಸಿ, ಬೀರುವಿನಲ್ಲಿ ತೂಗುಹಾಕಿ ಪಕ್ಕಕ್ಕೆ ನುಸಿಗುಳಿಗೆ ಇಟ್ಟೆ. ಹುಳಕ್ಕೆ ಉಣ್ಣೆ ಎಂದರೆ ಮೃಷ್ಟಾನ್ನ.

ಸಂಜೆ ಮೈಸೂರಿನಿಂದ ತಂಗಿ ವಿಡಿಯೊ ಕರೆ ಮಾಡಿದಳು. ಫೋಟೊಗಳನ್ನು ಆಗಲೇ ನೋಡಿದ್ದಳು. ಮಾಘದಲ್ಲಿ ಅವಳ ಮಗಳ ಮದುವೆ. "ಅಕ್ಕ, ಅವನಿಗೆ ಅದನ್ನೇ ಉಟ್ಟುಕೊಂಡು ಬರಲು ಹೇಳು, ಬೀಗರು ನೋಡಲಿ" ಎಂದಳು. ಮಗ ಪಕ್ಕದಲ್ಲೇ ಕೂತು, ಆಗಲಿ ಚಿಕ್ಕಮ್ಮ ಎಂದುಬಿಟ್ಟ. ನಾನು ಷರತ್ತು ಹಾಕಿದೆ. ದುಬೈನಲ್ಲಿ ವಿಮಾನ ಬದಲಿಸಬೇಕು. ಎರಡೆರಡು ದೇಶಗಳ ತಪಾಸಣೆಯವರಿಗೆ ಆ ಚೂರಿಯ ಕಥೆಯನ್ನು ವಿವರಿಸುವ ಗೋಜು ಬೇಡ, ಅದು ಇಲ್ಲೇ ಇರಲಿ. ಕೋಟು, ಬೂಟು ಪೆಟ್ಟಿಗೆಗೆ, ಕಿಲ್ಟ್ ಮಾತ್ರ ಕೈಚೀಲದಲ್ಲಿ. ಬಾಡಿಗೆ ಮಂಟಪದ ದೀಪಗಳ ಶಾಖದಲ್ಲಿ ಎಂಟು ಗಜ ಉಣ್ಣೆ ಸುತ್ತಿಕೊಂಡು ಎರಡು ಗಂಟೆಗಿಂತ ಹೆಚ್ಚು ನಿಲ್ಲುವುದು ಕಷ್ಟ, ಅದನ್ನೂ ಈಗಲೇ ಹೇಳಿಬಿಟ್ಟೆ.

"ಹಾಗಾದರೆ ಮುಹೂರ್ತಕ್ಕೆ?" ಎಂದಳು ತಂಗಿ.

ಮುಹೂರ್ತಕ್ಕೆ ಪಂಚೆ, ಆರತಕ್ಷತೆಗೆ ಕಿಲ್ಟ್ ಎಂದು ತೀರ್ಮಾನವಾಯಿತು. ಪಂಚೆಯನ್ನು ಮೈಸೂರಿನಲ್ಲೇ ಕೊಳ್ಳಬಹುದು. ಅಷ್ಟರ ಮಟ್ಟಿಗೆ ಪೆಟ್ಟಿಗೆ ಹಗುರ.